ಶುಕ್ರವಾರದ ಎಣ್ಣೆ, ಶನಿವಾರದ ಕಲ್ಲಿದ್ದಲು

ಶನಿವಾರ, ಬೆಳಗಿನ ಜಾವ. ಬೀದಿಯ ಒಂದು ಕಿಟಕಿಯಲ್ಲೂ ದೀಪವಿಲ್ಲ. ಚಿಮಣಿಗಳ ಹೊಗೆ ಮೇಲೇಳಲು ಮನಸ್ಸಿಲ್ಲದೆ ಚಾವಣಿಗಳ ಮೇಲೇ ಬಿದ್ದುಕೊಂಡಿದೆ. ರಾತ್ರಿಯೆಲ್ಲ ಹಿಮದ ಮೇಲೆ ಉದುರಿದ ಮಸಿ ಕಾಣುವಷ್ಟು ಬೆಳಕು ಇನ್ನೂ ಹರಿದಿಲ್ಲ. ಈ ಹೊತ್ತಿನಲ್ಲಿ ಜಾರುಬಂಡಿಯ ಕಬ್ಬಿಣದ ಪಟ್ಟಿ ಕಿರುಗುಟ್ಟುವ ಸದ್ದು ಕೇಳಿಸಿತೆಂದರೆ ರಾಬಿಗಾ ಅಕ್ಕ ಬಂದರು ಎಂದು ತಿಳಿಯಬೇಕು.

ಪ್ರತಿ ಮನೆಯ ಗೇಟಿನ ಪಕ್ಕ ಗುಡ್ಡೆ ಹಾಕಿದ ಹಿಮದೊಳಗೆ ಒಂದೊಂದು ಡಬ್ಬ ಹೂತಿರುತ್ತದೆ. ಗಾಜಿನ ಜಾಡಿ, ನೀರಿನ ಬಾಟಲಿ, ಬಣ್ಣದ ಹಳೇ ಡಬ್ಬ, ಯಾರ ಮನೆಯಲ್ಲಿ ಏನಿದೆಯೋ ಅದು. ಒಳಗಿರುವುದು ಹಿಂದಿನ ದಿನ ಕರಿದು ಉಳಿದ ಎಣ್ಣೆ. ಅಕ್ಕ ಮಂಡಿಯೂರಿ ಕೂತು, ಕೈಯಿಂದ ಹಿಮ ತೋಡಿ, ಡಬ್ಬ ಹೊರತೆಗೆದು, ಹಣೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ನಿಧಾನವಾಗಿ ಓರೆ ಮಾಡುತ್ತಾರೆ. ಜೇನಿನ ಹಾಗೆ ಮಂದವಾಗಿಯಾದರೂ ಹರಿಯಿತೋ, ಅದು ಜಾರುಬಂಡಿಗೆ. ತಳದಲ್ಲಿ ಬೆಳ್ಳಗೆ ಕಟ್ಟಿಕೊಂಡಿತ್ತೋ, ಡಬ್ಬವನ್ನು ಅಲ್ಲೇ ಇಟ್ಟು ಮುಚ್ಚಳದ ಮೇಲೆ ಒಂದು ತುಂಡು ಕಲ್ಲಿದ್ದಲು ಇಡುತ್ತಾರೆ. ಮನೆಯವರು ಎದ್ದು ಬಂದು ನೋಡಿದರೆ ಸಾಕು, ಮಾತಿಲ್ಲದೆ ಅರ್ಥವಾಗುತ್ತದೆ. ಈ ವಾರ ಬೇಡ ಎಂದು.

ಡಬ್ಬವನ್ನು ಹಿಮದ ಮೇಲಿಡುವಂತಿಲ್ಲ, ಒಳಗೇ ಹೂಳಬೇಕು. ಬಯಲಲ್ಲಿಟ್ಟರೆ ನಮ್ಮ ಜನವರಿಗೆ ಎಲ್ಲ ಎಣ್ಣೆಯೂ ಕಲ್ಲಾಗುತ್ತದೆ, ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ. ಹಿಮದ ಹೊಟ್ಟೆಯೊಳಗೆ ಅಷ್ಟು ಚಳಿ ಇರುವುದಿಲ್ಲ.

ನನ್ನ ಗೇಟಿಗೆ ಬಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ.

"ಎದ್ದಿದೀಯಾ ತಂಗಿ? ಈ ವಾರ ಆ ಮೆಣಸಿನಕಾಯಿ ಬೋಂಡ ಮಾಡಿಲ್ಲ ತಾನೆ?"

"ಇಲ್ಲಕ್ಕ, ಬರೀ ಪೂರಿ."

"ಸದ್ಯ! ಹೋದ ಸಲ ನಿನ್ನ ಎಣ್ಣೆ ಬಿಟ್ಟಿದ್ದಕ್ಕೆ ಕಲ್ಲಿದ್ದಲೇ ಸೀನ್ತು ಅಂತ ಕಾರ್ಖಾನೆ ಗೇಟಿನ ವಾಲ್ಡೆಮಾರ್ ಹೇಳ್ತಿದ್ದ."

ಹೀಗೆ ನಗಿಸಿ, ಜಾರುಬಂಡಿಯ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಮುಂದಿನ ಗೇಟಿಗೆ ಹೋಗುತ್ತಾರೆ. ವಯಸ್ಸು ಐವತ್ತೊಂಬತ್ತು. ಎಡ ಮಂಡಿ ಮಡಚುವಾಗ ಒಮ್ಮೆ, ಬಿಚ್ಚುವಾಗ ಒಮ್ಮೆ ಅವರ ಬಾಯಿಂದ ಒಂದು ಸಣ್ಣ ಬೈಗುಳ ಬೀಳುತ್ತದೆ. ಅದು ಯಾರಿಗೂ ಅಲ್ಲ, ಮಂಡಿಗೆ.

ನಾನು ನಮ್ಮ ದೇಶ ಬಿಟ್ಟು ಈ ಊರಿಗೆ ಮದುವೆಯಾಗಿ ಬಂದು ಹತ್ತೊಂಬತ್ತು ಚಳಿಗಾಲ ಕಳೆದಿವೆ. ಕರಗಂಡಾ ನಗರದಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಗಣಿ, ಗಣಿಯ ಬಾಯಿಗೆ ಅಂಟಿಕೊಂಡ ಕಲ್ಲಿದ್ದಲು ತೊಳೆಯುವ ಕಾರ್ಖಾನೆ, ಅದರ ಹಿಂದೆ ರಾಡಿಯ ಕೆರೆ, ಇತ್ತ ನಮ್ಮ ನಾಲ್ಕು ಬೀದಿ. ತೊಳೆದ ಕಲ್ಲಿದ್ದಲು ರೈಲು ಹತ್ತಿ ಉಕ್ಕಿನ ಕುಲುಮೆಗೆ ಹೋಗುತ್ತದೆ. ತೊಳೆದ ಕೊಳೆ ನಮ್ಮ ಪಾಲಿಗೆ ಉಳಿಯುತ್ತದೆ. ಸ್ವಚ್ಛ ಕಲ್ಲಿದ್ದಲು ಎಂದು ದೊಡ್ಡವರು ಭಾಷಣ ಮಾಡುವಾಗೆಲ್ಲ ನನಗೆ ಆ ಕೆರೆ ನೆನಪಾಗಿ ಹೊಟ್ಟೆ ಉರಿಯುತ್ತದೆ. ಆದರೆ ಇದು ನನ್ನ ಹೊಟ್ಟೆಯ ಕಥೆಯಲ್ಲ, ರಾಬಿಗಾ ಅಕ್ಕನ ಮೂಗಿನ ಕಥೆ.

ಶುಕ್ರವಾರ ಇಲ್ಲಿ ಮನೆಮನೆಯಲ್ಲೂ ಒಲೆಗೆ ಬಾಣಲೆ ಏರುತ್ತದೆ. ಏಳು ಶೆಲ್ಪೆಕ್ ಕರಿಯಬೇಕು. ಶೆಲ್ಪೆಕ್ ನಮ್ಮ ಪೂರಿಗೆ ಅಕ್ಕ ಅನ್ನಿ. ತಟ್ಟೆಯಗಲ ಇರುತ್ತದೆ, ಉಬ್ಬಲೇಬೇಕೆಂಬ ಹಟವಿಲ್ಲ. ಕರಿಯುವುದು ತಿನ್ನುವುದಕ್ಕಿಂತ ಮೊದಲು ವಾಸನೆ ಎಬ್ಬಿಸಲಿಕ್ಕೆ. ಕಾದ ಎಣ್ಣೆಯ ವಾಸನೆ ಹಿಡಿದು ಮನೆಯ ಸತ್ತವರು ಬಾಗಿಲಿಗೆ ಬರುತ್ತಾರೆ, ನಮ್ಮನ್ನು ಮರೆತಿಲ್ಲ ಎಂದು ತಿಳಿದು ಹೋಗುತ್ತಾರೆ. ನಮ್ಮಲ್ಲಿ ಪಿತೃಪಕ್ಷ ವರ್ಷಕ್ಕೊಮ್ಮೆ, ಇಲ್ಲಿ ವಾರಕ್ಕೊಮ್ಮೆ. ಗಣಿ ಊರಲ್ಲಿ ನೆನೆಯಬೇಕಾದವರೂ ಜಾಸ್ತಿ. ಆ ಎಣ್ಣೆಯನ್ನು ಕಾಲು ತುಳಿಯುವ ಜಾಗಕ್ಕೆ ಸುರಿಯುವಂತಿಲ್ಲ. ಮೊದಲೆಲ್ಲ ಒಲೆಯ ಬೆಂಕಿಗೇ ಹಾಕುತ್ತಿದ್ದರು. ಐದು ವರ್ಷದಿಂದ ಅದು ಕಾರ್ಖಾನೆಗೆ ಹೋಗುತ್ತಿದೆ.

ಕಾರ್ಖಾನೆಯಲ್ಲಿ ಎಣ್ಣೆಗೆ ಏನು ಕೆಲಸ? ದಪ್ಪ ಕಲ್ಲಿದ್ದಲನ್ನು ನೀರಿನಲ್ಲಿ ಜಾಲಿಸಿ ಕಲ್ಲು ಬೇರೆ ಮಾಡಬಹುದು. ಪುಡಿಗೆ ಆ ಉಪಾಯ ನಡೆಯುವುದಿಲ್ಲ. ಪುಡಿಯನ್ನು ನೀರಲ್ಲಿ ಕಲಸಿ ತೊಟ್ಟಿಗಳಿಗೆ ಬಿಟ್ಟು, ಸ್ವಲ್ಪಸ್ವಲ್ಪವೇ ಎಣ್ಣೆ ತೊಟ್ಟಿಕ್ಕಿಸಿ, ಗಾಳಿ ಊದುತ್ತಾರೆ. ಎಣ್ಣೆ ಕಲ್ಲಿದ್ದಲಿಗೆ ಮೆತ್ತಿಕೊಳ್ಳುತ್ತದೆ, ಕಲ್ಲುಮಣ್ಣಿಗೆ ಮೆತ್ತಿಕೊಳ್ಳುವುದಿಲ್ಲ. ಮೆತ್ತಿಸಿಕೊಂಡ ಕಲ್ಲಿದ್ದಲು ಗುಳ್ಳೆಗೆ ಅಂಟಿ ಮೇಲೆದ್ದು ಕಪ್ಪು ನೊರೆಯಾಗಿ ತೇಲುತ್ತದೆ. ಆ ನೊರೆಯನ್ನು ಬಾಚಿದರೆ ಒಳ್ಳೆಯ ಕಲ್ಲಿದ್ದಲು, ತಳಕ್ಕೆ ಉಳಿದದ್ದು ರಾಡಿ. ಕಾರ್ಖಾನೆಯಲ್ಲಿ ಇದಕ್ಕೆ ಫ್ಲೋಟೇಶನ್ ವಿಭಾಗ ಎನ್ನುತ್ತಾರೆ. ನಾನು ನನ್ನಷ್ಟಕ್ಕೆ ನೊರೆಮನೆ ಎಂದು ಕರೆದುಕೊಂಡಿದ್ದೇನೆ.

ನೊರೆಮನೆಯ ತೊಟ್ಟಿಗಳಲ್ಲಿ ಕೊನೆಯ ಸಾಲು ರಾಬಿಗಾ ಅಕ್ಕನದು. ಶನಿವಾರ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ಬೆಚ್ಚಗಿನ ಪೀಪಾಯಿಯಲ್ಲಿ ನೀರು ತಳಕ್ಕಿಳಿಯಲು ಬಿಟ್ಟು, ಅರ್ಧಕ್ಕರ್ಧ ಡೀಸೆಲ್ ಬೆರೆಸುತ್ತಾರೆ. ಪಾಳಿಯ ಹನ್ನೆರಡು ಗಂಟೆಯೂ ತೊಟ್ಟಿಯ ಅಂಚಿನಲ್ಲಿ ನಿಂತು ನೊರೆ ನೋಡುವುದೇ ಕೆಲಸ. ನೊರೆ ಬೂದಿ ಬಣ್ಣಕ್ಕೆ ತಿರುಗಿದರೆ ಕಲ್ಲು ಮೇಲೆ ಬರುತ್ತಿದೆ ಎಂದು ಎಣ್ಣೆ ತಗ್ಗಿಸಬೇಕು. ನೊರೆ ಸತ್ತು ರಾಡಿ ಕಪ್ಪಾದರೆ ಕಲ್ಲಿದ್ದಲೇ ಕೆರೆಗೆ ಹೋಗುತ್ತಿದೆ ಎಂದು ಏರಿಸಬೇಕು. ಸದ್ದಿಗೆ ಅಲ್ಲಿ ಮಾತು ಕೇಳಿಸುವುದಿಲ್ಲ, ಕೈಸನ್ನೆಯಲ್ಲೇ ಸಂಸಾರ.

ಅಕ್ಕ ಈ ಕೆಲಸಕ್ಕೆ ಸೇರಿದ್ದು ಗಂಡ ತೋಲೆಗೆನ್ ಸತ್ತ ವರ್ಷ. ನೆಲದಡಿಯಲ್ಲಿ ಅನಿಲ ಹೊತ್ತಿಕೊಂಡು, ಆ ಪಾಳಿಯಲ್ಲಿ ಇಳಿದವರಲ್ಲಿ ಅರ್ಧ ಜನ ಮೇಲೆ ಬರಲಿಲ್ಲ. ಬಂದ ಶವಪೆಟ್ಟಿಗೆಗಳಿಗೆ ಮೊಳೆ ಹೊಡೆದಿತ್ತು, ತೆರೆಯಬೇಡಿ ಎಂದಿದ್ದರು. ತಾಯಿ ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಇದರೊಳಗೆ ನನ್ನ ಮಗ ಇದಾನೆ ಅಂತ ಯಾರು ಹೇಳಿದ್ರು ನಿಮಗೆ?" ಎಂದು ಕೇಳಿದ್ದು ಊರಿಗೆಲ್ಲ ನೆನಪಿದೆ.

ಆ ತಾಯಿ ಈಗ ಎಂಬತ್ತನಾಲ್ಕರ ಮುದುಕಿ, ಅಕ್ಕನ ಜೊತೆಯಲ್ಲೇ ಇದ್ದಾರೆ. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳಬಾರದು ಎಂಬುದು ಇಲ್ಲಿಯ ಪದ್ಧತಿ. ಅಕ್ಕ ಅವರನ್ನು ತಾಯಿ ಎಂಬರ್ಥದಲ್ಲಿ ಅಪಾ ಎನ್ನುತ್ತಾರೆ. ಅಕ್ಕ ಹೇಳದ ಹೆಸರನ್ನು ನಾನು ಬರೆಯುವುದೂ ಸರಿಯಲ್ಲ, ಇಲ್ಲಿಯೂ ಅವರು ಅಪಾ ಆಗಿಯೇ ಇರಲಿ.

ನೊರೆಮನೆಯಲ್ಲಿ ಆಗ ಬರೀ ಡೀಸೆಲ್ಲೇ. ಚಳಿಗಾಲದಲ್ಲಿ ಕಿಟಕಿ ತೆರೆದರೆ ನೀರಿನ ಕೊಳವೆ ಒಡೆಯುತ್ತದೆ, ಆದ್ದರಿಂದ ತೆರೆಯುವುದಿಲ್ಲ. ಐದು ತಿಂಗಳು ಆ ಹಬೆಯನ್ನೇ ಉಸಿರಾಡಬೇಕು. ತಲೆನೋವು ಪಾಳಿಯ ಜೊತೆಗೇ ಬಂದು ಪಾಳಿಯ ಜೊತೆಗೇ ಹೋಗುತ್ತಿತ್ತು, ಕೆಲವು ವರ್ಷವಾದ ಮೇಲೆ ಹೋಗುವುದನ್ನು ನಿಲ್ಲಿಸಿತು. ಒಂದು ದಿನ ಅಕ್ಕ ಮನೆಯಲ್ಲಿ ಒಲೆಯ ಮುಂದೆಯೇ ನಿಂತು ಬೇರೇನೋ ಯೋಚಿಸುತ್ತಿದ್ದಾಗ ಅಪಾ ಕೂಗಿಕೊಂಡರಂತೆ.

"ಕೆಲಿನ್, ರೊಟ್ಟಿ ಸೀದು ಇದ್ದಲಾಗ್ತಿದೆಯಲ್ಲೇ! ಮೂಗನ್ನ ಕಾರ್ಖಾನೇಲಿ ಅಡ ಇಟ್ಟು ಬಂದಿದೀಯಾ?"

ಕೆಲಿನ್ ಎಂದರೆ ಸೊಸೆ. ಅಪಾ ತಮಾಷೆಗೆ ಅಂದದ್ದು, ಆದರೆ ಮಾತು ನಿಜವೇ ಆಗಿತ್ತು. "ಹೊಗೆ ಕಣ್ಣಿಗೆ ಕಾಣ್ತಿತ್ತು, ವಾಸನೆ ಇರ್ಲಿಲ್ಲ. ಸಾಬೂನು ಮೂಸಿದೆ, ಈರುಳ್ಳಿ ಮೂಸಿದೆ. ಕೊನೆಗೆ ಅವನ ಹಳೇ ಕೋಟು ಮೂಸಿದೆ. ಏನೂ ಇಲ್ಲ. ಆವತ್ತು ಅತ್ತಷ್ಟು ಅವನು ಸತ್ತ ದಿನಾನೂ ಅತ್ತಿರ್ಲಿಲ್ಲ ಕಣೆ," ಎಂದರು ಅಕ್ಕ ನನ್ನೊಂದಿಗೆ. ವೈದ್ಯರು ಮೂಗಿಗೆ ದೀಪ ಬಿಟ್ಟು ನೋಡಿ ವಯಸ್ಸಾಯಿತು ಎಂದರು. ಆಗ ಅವರಿಗೆ ನಲವತ್ತೆಂಟು.

ಕರಿದ ಎಣ್ಣೆಯ ಯೋಚನೆ ಅಕ್ಕನದಲ್ಲ, ಹಾಗೆಂದು ಅವರು ಹೇಳಿಕೊಳ್ಳುವುದೂ ಇಲ್ಲ. ಕಾರ್ಖಾನೆಯ ಪ್ರಯೋಗಶಾಲೆಯವರು ಮಾಡಿ ನೋಡಿ, ಡೀಸೆಲ್‌ನಷ್ಟೇ ಚೆನ್ನಾಗಿ, ಬಯಲಲ್ಲಿ ಬಿದ್ದು ಹಳತಾದ ಕಲ್ಲಿದ್ದಲಿಗೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂದರು. ಎಣ್ಣೆ ಎಲ್ಲಿಂದ ತರುವುದು ಎಂಬುದೇ ತೊಡಕಾಗಿತ್ತು. ಕರಗಂಡಾದ ಊಟದಂಗಡಿಗಳ ಎಣ್ಣೆಯನ್ನು ದೊಡ್ಡ ವ್ಯಾಪಾರಿಗಳು ಮೊದಲೇ ಬಾಚಿಕೊಳ್ಳುತ್ತಾರೆ. ನಮ್ಮ ಊರಿನ ಶಾಲೆ, ಗಣಿಯ ಊಟದ ಮನೆ, ಸಮೋಸಾದಂಥ ಸಮ್ಸಾ ಕರಿಯುವ ಸ್ಟೇಷನ್ನಿನ ಅಂಗಡಿ, ಮದುವೆಮನೆಗಳು, ಇವೆಲ್ಲ ಸೇರಿದರೂ ಒಂದು ಸಾಲಿಗೆ ಸಾಲದು. ಶುಕ್ರವಾರದ ಎಣ್ಣೆ ಸೇರಿದರೆ ತಿಣುಕುತ್ತಾ ಸಾಕಾಗುತ್ತದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆ ಬಂದಾಗ ಅಕ್ಕ ಕೈಯೆತ್ತಿದರು. ಸತ್ತವರ ಎಣ್ಣೆ ಕೊಡಿ ಎಂದು ಮನೆಮನೆಗೆ ಹೋಗಿ ಕೇಳುವುದು ಹುಡುಗಾಟವಲ್ಲ. ಎರಡು ಮನೆಯವರು ಮುಖದ ಮೇಲೆ ಬಾಗಿಲು ಹಾಕಿದರು.

ಬಾಗಿಲು ತೆರೆಸಿದ್ದು ಅಪಾ. ಮೊದಲ ಶನಿವಾರ ತಮ್ಮ ಡಬ್ಬವನ್ನು ತಾವೇ ಎತ್ತಿಕೊಂಡು ಬೀದಿಗೆ ಬಂದು, ಎಲ್ಲರೂ ನೋಡುವ ಹಾಗೆ ಜಾರುಬಂಡಿಯ ಮೇಲಿಟ್ಟರು. "ನನ್ನ ಮಗನ್ನ ನುಂಗಿದ್ದು ಕಲ್ಲಿದ್ದಲು. ಅದರ ಮುಖ ಅವನ ಎಣ್ಣೇಲೇ ತೊಳೀರಿ. ಇನ್ನೊಬ್ಬಳ ಮಗಳಾದ್ರೂ ಅಲ್ಲಿ ಉಸಿರಾಡ್ಲಿ," ಎಂದರು. ಆಮೇಲೆ ಉಳಿದ ಗೇಟುಗಳಲ್ಲೂ ಡಬ್ಬಗಳು ಕಾಣಿಸಿಕೊಂಡವು. ನಮ್ಮ ಸತ್ತವರಿಗೂ ಕಾರ್ಖಾನೆಯಲ್ಲಿ ಪಾಳಿ ಬಿತ್ತು ಎಂದು ಹೆಂಗಸರು ನಗಾಡಿಕೊಂಡರು. ಕೊನೆಯ ಸಾಲಿನಲ್ಲಿ ಡೀಸೆಲ್ ಅರ್ಧಕ್ಕಿಳಿಯಿತು. ಪಕ್ಕದ ತೊಟ್ಟಿಯ ಬಳಿ ನಿಲ್ಲುವ ಅಕ್ಬೋತಾ ಎಂಬ ಹೆಂಗಸಿಗೆ ಆ ಚಳಿಗಾಲ ಮೂಗಿನಿಂದ ರಕ್ತ ಬರುವುದು ನಿಂತಿತು. ಅಕ್ಕನ ಮೂಗು ಮಾತ್ರ ಮರಳಲಿಲ್ಲ.

ಮೊದಲ ವರ್ಷವೇ ಒಂದು ಪಾಠವಾಗಿತ್ತು. ಇಲ್ಲಿ ಕೆಲವರು ಎಣ್ಣೆಯ ಜೊತೆ ಇಲ್ಲಿಯ ಕುರಿಗಳ ದಪ್ಪ ಬಾಲದ ಕೊಬ್ಬನ್ನೂ ಕರಗಿಸಿ ಕರಿಯುತ್ತಾರೆ, ರುಚಿಗೂ ವಾಸನೆಗೂ. ಬೆಚ್ಚಗಿದ್ದಾಗ ಅದು ಎಣ್ಣೆಯೊಳಗೆ ಸೇರಿ ಗುರುತೇ ಸಿಗುವುದಿಲ್ಲ, ಚಳಿ ತಗುಲಿತೆಂದರೆ ಮೇಣವಾಗುತ್ತದೆ. ಒಮ್ಮೆ ಕೊಳವೆ ಕಟ್ಟಿಕೊಂಡ ಮೇಲೆ ಹಿಮದಲ್ಲಿ ಹೂಳುವ ಪರೀಕ್ಷೆ ಶುರುವಾಯಿತು. ಎಲ್ಲ ಮನೆಗೂ ಅದೇ ನಿಯಮ, ಒಂದು ಮನೆಯನ್ನು ಬಿಟ್ಟು.

"ನಮ್ಮನೆ ಡಬ್ಬ ಹಿಮದಲ್ಲಿ ಹೂಳ್ತಿರ್ಲಿಲ್ಲ," ಎಂದು ಅಕ್ಕ ಹೇಳುವಾಗ ನನ್ನ ಮುಖ ನೋಡುವುದಿಲ್ಲ. "ಅಪಾ ಕೈಯಾರೆ ಕೊಡೋರು. ಅತ್ತೆ ಕೊಟ್ಟ ಡಬ್ಬದ ಮುಚ್ಚಳ ತೆಗೆದು, ಇದು ಸರೀಗಿದೆಯಾ ಅಂತ ಸೊಸೆ ನೋಡೋದುಂಟಾ? ನಮ್ಮಲ್ಲಿ ಇಲ್ಲ. ಬೇರೆಯವರಾಗಿದ್ರೆ ಮೂಸಿದ್ರೇ ಗೊತ್ತಾಗ್ತಿತ್ತು. ಬಾಲದ ಕೊಬ್ಬು ಬೀದಿ ಆಚೆಗೂ ಗಮ್ ಅನ್ನುತ್ತೆ. ನಂಗೆ ಆ ಮೂಗೂ ಇಲ್ಲ."

ತೋಲೆಗೆನ್‌ಗೆ ಬಾಲದ ಕೊಬ್ಬಿನಲ್ಲಿ ಕರಿದದ್ದೇ ಇಷ್ಟವಂತೆ. ಚಿಕ್ಕವನಿದ್ದಾಗ ಶಾಲೆಯಿಂದ ಬರುವಾಗ ಬೀದಿಯ ತುದಿಯಲ್ಲೇ ವಾಸನೆ ಹಿಡಿದು ಓಡಿ ಬರುತ್ತಿದ್ದನಂತೆ. ಹಿಂದಿನ ಚಳಿಗಾಲದಲ್ಲಿ ಅಪಾಗೆ ಕನಸು ಬಿತ್ತು. ಮಗ ಬೀದಿಯಲ್ಲಿ ನಿಂತು ಯಾವ ಮನೆ ಎಂದು ತಿಳಿಯದೆ ಆಚೀಚೆ ನೋಡುತ್ತಿದ್ದ. ಎಲ್ಲ ಮನೆಯಲ್ಲೂ ಅಂಗಡಿಯ ಸೂರ್ಯಕಾಂತಿ ಎಣ್ಣೆ, ಎಲ್ಲ ಮನೆಗೂ ಒಂದೇ ವಾಸನೆ. ಮರುದಿನದಿಂದ ಅಪಾ ಬಾಣಲೆಗೆ ಬಾಲದ ಕೊಬ್ಬು ಹಾಕತೊಡಗಿದರು, ಸೊಸೆ ಪಾಳಿಯಲ್ಲಿದ್ದಾಗ. ಹೇಳಬೇಕೆಂದು ಅವರಿಗೆ ಅನ್ನಿಸಿರಲಿಲ್ಲ. ತನ್ನ ಮಗನಿಗೆ ಕರಿಯಲು ಯಾರ ಅಪ್ಪಣೆ ಬೇಕು?

ಕೆಲವು ವಾರ ಏನೂ ಆಗಲಿಲ್ಲ, ಆ ಡಬ್ಬ ದೊಡ್ಡ ಪೀಪಾಯಿಯಲ್ಲಿ ಬೆರೆತು ಹೋಗುತ್ತಿತ್ತು. ಜನವರಿಯ ಒಂದು ಶನಿವಾರ ಪೀಪಾಯಿಯ ಎಣ್ಣೆಯಲ್ಲಿ ನೀರು ಇನ್ನೂ ತಳಕ್ಕಿಳಿದಿರಲಿಲ್ಲ. ತೊಟ್ಟಿಯ ಮೇಲಿನ ಸಣ್ಣ ಪಾತ್ರೆ ಬರಿದಾಗುತ್ತಿತ್ತು. ಅಕ್ಕ ತಮ್ಮ ಮನೆಯ ಡಬ್ಬವನ್ನೇ, ನಂಬಿಕೆಯ ಎಣ್ಣೆ ಎಂದು, ಸೋಸಿ ನೇರವಾಗಿ ಅದಕ್ಕೆ ಸುರಿದು ಡೀಸೆಲ್ ಬೆರೆಸಿದರು. ಅಲ್ಲಿಂದ ತೊಟ್ಟಿಗೆ ಬರುವ ಬೆರಳು ದಪ್ಪದ ಕೊಳವೆ ಹೊರಗೋಡೆಗೆ ತಾಗಿಕೊಂಡೇ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ನೊರೆ ಸತ್ತಿತು. ರಾಡಿ ಮಸಿಯಂತೆ ಕಪ್ಪಾಗಿ ಹೊರಟಿತು.

ಕೊಳವೆಗಳ ರಿಪೇರಿ ಮಾಡುವವರು ವಾಲ್ಡೆಮಾರ್. ಯಾವಾಗಲೋ ಇಲ್ಲಿಗೆ ಗಡೀಪಾರಾಗಿ ಬಂದ ಜರ್ಮನ್ ಮನೆತನದವರು, ಅಕ್ಕನಿಗಿಂತ ಎರಡು ವರ್ಷ ದೊಡ್ಡವರು, ತೋಲೆಗೆನ್‌ನ ಗೆಳೆಯ. ಕಟ್ಟಿದ ಕೊಳವೆಗೆ ಬಿಸಿನೀರಿನ ಬಟ್ಟೆ ಸುತ್ತಿ ಕಾಯಬೇಕೆಂಬುದು ನಿಯಮ. ಕೆಳಗಿನಿಂದ ಮುಖ್ಯಸ್ಥರು ಫೋನಿನ ಮೇಲೆ ಫೋನು ಮಾಡುತ್ತಿದ್ದರು, ಸಾಲು ಯಾಕೆ ನಿಂತಿದೆ ಎಂದು. ವಾಲ್ಡೆಮಾರ್ ಬೆಸುಗೆಯ ಬೆಂಕಿ ದೀಪ ತಂದು ಕೊಳವೆಗೆ ಹಿಡಿದರು. ಕೊಬ್ಬು ಕರಗಿತು, ಸಂದಿನಿಂದ ಡೀಸೆಲ್ ಹಬೆ ಹೊರಬಂದು ಭಗ್ಗೆಂದಿತು. ಎರಡೂ ಕೈ, ಕತ್ತು, ಒಂದು ಕಿವಿ. ಅಕ್ಕ ತಮ್ಮ ಹತ್ತಿಯ ಕೋಟನ್ನು ಅವರ ಮೇಲೆ ಎಸೆದು ತಬ್ಬಿಕೊಂಡು ನೆಲಕ್ಕುರುಳಿದರು. ಅಕ್ಕನ ಗದ್ದದ ಕೆಳಗೆ ಸುಟ್ಟ ಗುರುತು ಇನ್ನೂ ಇದೆ.

ಬೆಂಕಿ ಹತ್ತಿದ್ದು ಡೀಸೆಲ್‌ಗೆ, ಅವಸರ ಮಾಡಿದ್ದು ಫೋನು. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕರಿದ ಎಣ್ಣೆ ಇನ್ನು ಬೇಡ, ಮೊದಲಿನಂತೆ ಪೂರಾ ಡೀಸೆಲ್ ಎಂದು ಆ ಸಂಜೆಯೇ ಆಜ್ಞೆಯಾಯಿತು. ಮುಖ್ಯಸ್ಥ ರುಸ್ತೆಮ್ ಅಕ್ಕನನ್ನು ಕರೆಸಿದರು. ಈ ಮಾತುಗಳನ್ನು ಅಕ್ಕ ನನಗೆ ಇಬ್ಬರ ದನಿಯಲ್ಲೂ ಹೇಳಿ ತೋರಿಸಿದ್ದಾರೆ.

"ಯಾರ ಮನೆ ಡಬ್ಬ ಅದು?"

"ನಮ್ಮನೇದು."

"ಊರಿನ ಡಬ್ಬ ಎಲ್ಲಾ ಹಿಮದಲ್ಲಿ ಹೂಳಿಸ್ತೀರ, ನಿಮ್ಮದನ್ನ ಹೂಳಲಿಲ್ವಾ?"

"ಅತ್ತೆ ಕೊಟ್ಟಿದ್ದು. ನಿಮ್ಮನೆ ಸೊಸೆ ನಿಮ್ಮಮ್ಮನ ಪಾತ್ರೆ ಮುಚ್ಚಳ ಎತ್ತಿ ನೋಡ್ತಾಳಾ ರುಸ್ತೆಮ್?"

ರುಸ್ತೆಮ್ ಮನೆಯಲ್ಲೂ ಅದೇ ಪದ್ಧತಿ. "ನೋಡೋದಿಲ್ಲ. ಆದ್ರೆ ನನ್ನ ತಾಯಿ ಪಾತ್ರೆ ಯಾರ ಕೈಯನ್ನೂ ಸುಟ್ಟಿಲ್ಲ," ಎಂದರು.

ಪೂರಾ ಡೀಸೆಲ್ ಮರಳಿತು. ಮೂರೇ ವಾರಕ್ಕೆ ಅಕ್ಬೋತಾಳ ಮೂಗಿನಿಂದ ಮತ್ತೆ ರಕ್ತ. ಅಕ್ಕ ದಿನವೂ ಪಾಳಿ ಮುಗಿಸಿ ರುಸ್ತೆಮ್ ಅವರ ಬಾಗಿಲ ಮುಂದೆ ನಿಲ್ಲತೊಡಗಿದರು. ಅವರು ಬೈದರು, ಅಕ್ಕ ನಿಂತರು. ಗದರಿದರು, ನಿಂತರು. ವಸಂತದಲ್ಲಿ ರಾಡಿಯ ಕೆರೆ ಕರಗಿ ವಾಸನೆ ಏಳುವ ಹೊತ್ತಿಗೆ ರುಸ್ತೆಮ್ ಸೋತರು. ಷರತ್ತು ಒಂದೇ. ಇನ್ನೊಮ್ಮೆ ಯಾವ ಮನೆಯ ಡಬ್ಬದಿಂದಲಾದರೂ ಕೊಬ್ಬು ತೊಟ್ಟಿಗೆ ಬಂದರೆ ಕರಿದ ಎಣ್ಣೆಯ ಮಾತು ಅಲ್ಲಿಗೆ ಮುಗಿಯಿತು, ಸಾಲು ಶಾಶ್ವತವಾಗಿ ಡೀಸೆಲ್‌ಗೆ.

ಊರಿನ ಮನೆಗಳಿಗೆ ಹೇಳುವುದು ಸುಲಭ. ಅಪಾಗೆ ಹೇಳುವುದು ಹೇಗೆ?

ಅಪಾಗೆ ಏನೂ ಗೊತ್ತಿರಲಿಲ್ಲ, ಕೊಳವೆ ರಿಪೇರಿಗೆಂದು ಎಣ್ಣೆ ಒಯ್ಯುವುದನ್ನು ನಿಲ್ಲಿಸಿದ್ದಾರೆ ಎಂದುಕೊಂಡಿದ್ದರು. ಆಸ್ಪತ್ರೆಯಿಂದ ಬಂದ ವಾಲ್ಡೆಮಾರ್ ತಾವೇ ಮೊದಲು ಅವರ ಮನೆಗೆ ಹೋಗಿ, "ನೀರು ಕುದಿಯೋ ಸಮೋವಾರ್ ಮಗುಚ್ಕೊಂಡೆ ಅಪಾ, ಕುಡುಕನ ಬುದ್ಧಿ," ಎಂದು ಹೇಳಿಬಿಟ್ಟಿದ್ದರು. ಕುಡಿತವನ್ನೇ ಮುಟ್ಟದ ಮನುಷ್ಯ. ಅಪಾ ಚೆನ್ನಾಗಿ ಬೈದು, ಒಳಗೆ ಹೋಗಿ ಒಂದು ಬಟ್ಟಲು ತಂದು ಕೊಟ್ಟರು. ಬಟ್ಟಲಲ್ಲಿದ್ದದ್ದು ಕರಗಿಸಿದ ಬಾಲದ ಕೊಬ್ಬು. ಸುಟ್ಟ ಗಾಯಕ್ಕೆ ಇಲ್ಲಿ ಅದೇ ಮನೆಮದ್ದು.

"ರಾತ್ರಿ ಸವರ್ಕೋ. ನನ್ನ ಮಗನಿಗೆ ಅಂತ ಇಟ್ಟಿದ್ದು, ಒಳ್ಳೇ ಕುರೀದು."

ವಾಲ್ಡೆಮಾರ್ ಆ ಬಟ್ಟಲನ್ನು ಎರಡು ಕೈಯಲ್ಲೂ ಹಿಡಿಯಲಾಗದೆ ಮುಂಗೈಗಳ ನಡುವೆ ಇಟ್ಟುಕೊಂಡು ಎದ್ದರು. ಅಕ್ಕ ಬಾಗಿಲವರೆಗೆ ಹೋದಾಗ ತಗ್ಗಿದ ದನಿಯಲ್ಲಿ ಹೇಳಿದರಂತೆ. "ನಿನ್ನ ಕೈ ಮುಗೀತೀನಿ, ಮುದುಕೀಗೆ ಹೇಳ್ಬೇಡ. ಒಬ್ಬ ಮಗನ್ನ ಸುಟ್ಕೊಂಡಿದಾಳೆ. ಇನ್ನೊಬ್ಬನ್ನ ತಾನೇ ಸುಟ್ಟೆ ಅಂತ ಗೊತ್ತಾದ್ರೆ ಬದುಕಲ್ಲ."

ರುಸ್ತೆಮ್ ಒಪ್ಪಿದ ರಾತ್ರಿ ಅಕ್ಕ ಒಂದು ಸುಳ್ಳು ಹೊಂದಿಸಿದರು. ಬಾಲದ ಕೊಬ್ಬು ಅಪಾ ಅವರ ರಕ್ತದೊತ್ತಡಕ್ಕೆ ವಿಷ, ಅದರ ಹೊಗೆಯೂ ಕೂಡದು ಎಂದು ವೈದ್ಯರು ಕಡ್ಡಾಯವಾಗಿ ಹೇಳಿದ್ದಾರೆ. ಮನೆಯಲ್ಲಿದ್ದ ಕೊಬ್ಬನ್ನೆಲ್ಲ ತೆಗೆದು ಹಂಚಿಬಿಟ್ಟರು. ಅಪಾ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಶುಕ್ರವಾರ. ಎದ್ದು ಅಂಗಡಿಯ ಸೂರ್ಯಕಾಂತಿ ಎಣ್ಣೆಯಲ್ಲಿ ಏಳು ಶೆಲ್ಪೆಕ್ ಕರಿದರು.

ಕೊಬ್ಬಿನ ಎಣ್ಣೆಯನ್ನು ಇಸಿದುಕೊಂಡು ಬೇರೆಲ್ಲಾದರೂ ಹಾಕಿದ್ದರೆ ಆಗುತ್ತಿರಲಿಲ್ಲವೇ, ಅಪಾ ತಮ್ಮ ಮಗನಿಗೆ ತಮ್ಮಿಷ್ಟದಂತೆ ಕರಿದುಕೊಳ್ಳುತ್ತಿದ್ದರಲ್ಲ ಎಂದು ನಾನು ಕೇಳಿದೆ. ಅಕ್ಕನಿಗೆ ಸಿಟ್ಟು ಬಂತು.

"ಎಲ್ಲಿ ಹಾಕ್ಲಿ? ಸತ್ತವರ ಎಣ್ಣೇನ ಚರಂಡಿಗೆ ಸುರಿದು, ಕಾರ್ಖಾನೆಗೆ ಕೊಟ್ಟೆ ಅಂತ ಅವರ ಮುಖ ನೋಡ್ಕೊಂಡು ಹೇಳ್ಲಾ? ಒಲೆಗೆ ಹಾಕೋಣ ಅಂದ್ರೆ ಒಲೆ ಪಕ್ಕದಲ್ಲೇ ಕೂತಿರ್ತಾರೆ. ಒಂದು ಸುಳ್ಳು ಹೇಳಿ ಮುಗಿಸ್ದೆ. ವಾರವಾರ ಒಂದೊಂದು ಸುಳ್ಳು ಹೇಳೋ ಶಕ್ತಿ ನಂಗಿಲ್ಲ ತಂಗಿ."

ಈಗ ಅಪಾ ಅವರ ಡಬ್ಬವೂ ಉಳಿದವುಗಳ ಜೊತೆ ಹಿಮದಲ್ಲಿ ಹೂತಿರುತ್ತದೆ. ಅಪಾ ಮಲಗಿದ ಮೇಲೆ ಅಕ್ಕ ಹೂಳುತ್ತಾರೆ, ಅವರು ಏಳುವ ಮೊದಲು ತೆಗೆಯುತ್ತಾರೆ. ಇಷ್ಟು ದಿನಗಳಲ್ಲಿ ಒಮ್ಮೆಯೂ ಬೆಳ್ಳಗಾಗಿಲ್ಲ. ಆದರೂ ಆ ಡಬ್ಬವನ್ನು ಮಾತ್ರ ಎರಡೆರಡು ಸಲ ಓರೆ ಮಾಡಿ ನೋಡುತ್ತಾರೆ.

ಹೋದ ಶುಕ್ರವಾರ ನಾನು ಅವರ ಅಡುಗೆಮನೆಯಲ್ಲಿದ್ದೆ. ಅಪಾ ಒಲೆಯ ಪಕ್ಕ ಮಣೆಯ ಮೇಲೆ ಕೂತು ಹಿಟ್ಟು ಲಟ್ಟಿಸಿ ಕೊಡುತ್ತಿದ್ದರು, ಅಕ್ಕ ನಿಂತು ಕರಿಯುತ್ತಿದ್ದರು. ಏಳನೆಯದು ಬಾಣಲೆಯಿಂದ ಎದ್ದ ಮೇಲೆ ಅಪಾ ಬಾಗಿಲನ್ನು ಸ್ವಲ್ಪ ತೆರೆಸಿದರು. ಚಳಿ ನುಗ್ಗಿತು. ಮುದುಕಿ ಆ ಸಂದಿನ ಕಡೆಗೆ ಮುಖ ಮಾಡಿ ಕೂತರು.

"ಕೆಲಿನ್, ವಾಸನೆ ಎದ್ದಿದೆಯಾ?"

"ಎದ್ದಿದೆ ಅಪಾ."

"ಬೀದಿವರೆಗೂ?"

"ಬೀದಿವರೆಗೂ."

"ಇದು ಎಲ್ಲರ ಮನೆ ವಾಸನೆ ಕಣೆ," ಎಂದರು ಅಪಾ. "ಅವನಿಗೆ ಮನೆ ಹೇಗೆ ಗೊತ್ತಾಗ್ಬೇಕು?"

ಅಕ್ಕ ಬಾಗಿಲು ಮುಚ್ಚಿ, ಶೆಲ್ಪೆಕ್ ಮುರಿದು ನಮ್ಮ ಮುಂದಿಟ್ಟರು. ವಾಸನೆ ಇದೆಯೋ ಇಲ್ಲವೋ ತಿಳಿಯದ ಹೆಂಗಸು ವಾರವಾರವೂ ಇದೆ ಎನ್ನುತ್ತಿದ್ದಾರೆ, ನಾನು ಪಕ್ಕದಲ್ಲೇ ಮೂಗಿಟ್ಟುಕೊಂಡು ಕೂತಿದ್ದೇನೆ.

ಇದನ್ನೆಲ್ಲ ಬರೆಯಲು ಅಕ್ಕ ಒಪ್ಪಿದ್ದಕ್ಕೆ ಕಾರಣ ಸರಳ. ಈ ಅಕ್ಷರ ನಮ್ಮ ಬೀದಿಯಲ್ಲಿ ನನ್ನೊಬ್ಬಳಿಗೆ ಬಿಟ್ಟು ಯಾರಿಗೂ ಓದಲು ಬರುವುದಿಲ್ಲ. "ನಿಮ್ಮೂರಿನವರು ಓದ್ಕೊಳ್ಲಿ. ಅವರು ನಮ್ಮ ಅಪಾಗೆ ಬಂದು ಹೇಳೋದಿಲ್ಲ ತಾನೆ?" ಎಂದು ಕೇಳಿ ಖಚಿತಪಡಿಸಿಕೊಂಡರು. ಫೋಟೋ ಬೇಡ ಎಂದರು. ಕಾರ್ಖಾನೆಯ ಗೋಡೆಯ ಮೇಲೆ ಉತ್ತಮ ಕೆಲಸಗಾರರ ಫೋಟೋ ಹಾಕುವ ಹಲಗೆಯಿದೆ, ಅದರಲ್ಲೂ ಅವರದಿಲ್ಲ. ಅಕ್ಬೋತಾಳ ಮೂಗಿನಿಂದ ಈಗ ಮತ್ತೆ ರಕ್ತ ಬಾರದಿರುವುದೊಂದೇ ಅವರ ಕೆಲಸದ ಗುರುತು. ವಾಲ್ಡೆಮಾರ್ ಈಗ ಗೇಟಿನ ಕಾವಲಿಗಿದ್ದಾರೆ. ಬೆರಳು ಮಡಚುವುದಿಲ್ಲವಾದ್ದರಿಂದ ಅಕ್ಕನ ಜಾರುಬಂಡಿ ಕಂಡಾಗ ಮೊಣಕೈಯಿಂದ ಸಲಾಮು ಹೊಡೆಯುತ್ತಾರೆ.

ಅಕ್ಕನಿಗೆ ನಿವೃತ್ತಿಗೆ ಇನ್ನೆರಡು ಚಳಿಗಾಲ ಬಾಕಿ. ಆಮೇಲೆ ಜಾರುಬಂಡಿ ಎಳೆಯಲು ಅಕ್ಬೋತಾ ಒಪ್ಪಿದ್ದಾಳೆ, ಹಿಮ ತೋಡುವುದನ್ನೂ ಕಲಿತಿದ್ದಾಳೆ. ನಿವೃತ್ತಿಯಾದ ಮೇಲೆ ಏನು ಮಾಡುತ್ತೀರಿ ಎಂದು ಇಂಥ ಲೇಖನ ಬರೆಯುವವರೆಲ್ಲ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದೆ. ಪಾಳಿಗೆ ಹೊತ್ತಾಗಿತ್ತು. ಅಕ್ಕ ಹಗ್ಗವನ್ನು ಹೆಗಲಿಗೇರಿಸುತ್ತಾ ಹೇಳಿದರು.

"ಮೊದಲನೇ ಶುಕ್ರವಾರ ಒಂದಿಡೀ ಕುರಿಬಾಲ ತರ್ತೀನಿ. ಡಾಕ್ಟ್ರು ಈಗ ಪರವಾಗಿಲ್ಲ ಅಂದ್ರು ಅಂತ ಹೇಳಿ, ಬರೀ ಅದರಲ್ಲೇ ಏಳೂ ಕರೀತೀನಿ. ನಾನು ಕೆಲಸ ಬಿಟ್ಮೇಲೆ ನಮ್ಮನೆ ಡಬ್ಬ ಯಾರಿಗೂ ಬೇಕಾಗಿಲ್ಲ, ಒಲೆಗೇ ಹಾಕ್ತೀನಿ. ಬಾಗಿಲು ಪೂರ್ತಿ ತೆಗೆದಿಡ್ತೀನಿ, ಚಳಿ ಬಂದ್ರೆ ಬರ್ಲಿ. ಅವನು ಬಂದ್ನಾ ಇಲ್ವಾ ಅಂತ ನಂಗೆ ತಿಳಿಯಲ್ಲ. ಅಪಾನೇ ಹೇಳ್ಬೇಕು. ಅಲ್ಲೀವರೆಗೂ ಅವರು ಇರ್ಬೇಕು ತಂಗಿ, ಅಷ್ಟೇ."